ಏಳು ವರ್ಷದ ಹೇಂಟೆ ಸೊರಗುತ್ತಿದೆ: ತಾನಾಗಿಯೇ ಹೋಗಲಿ ಎಂದು ಬಿಡಬಹುದೇ?

ಪ್ರಶ್ನೆ – ಸದಸ್ಯೆ, ಶಿಡ್ಲಘಟ್ಟ ತಾಲ್ಲೂಕು

ನಮ್ಮ ಹಿತ್ತಲಿನ ನಾಟಿ ಹೇಂಟೆಗೆ ಈಗ ಏಳು ವರ್ಷ. ಮೊಟ್ಟೆ ಇಡುವುದು ಹೋದ ವರ್ಷವೇ ನಿಂತಿತು. ಅಲ್ಲಿಯವರೆಗೆ ತನ್ನ ಮೊಟ್ಟೆಗಳಿಗಷ್ಟೇ ಅಲ್ಲದೆ ಬೇರೆ ಕೋಳಿಗಳ ಮೊಟ್ಟೆಗಳಿಗೂ ಕಾವು ಕೂತು ಮರಿ ಮಾಡಿಕೊಟ್ಟ ಕೋಳಿಯಾದ್ದರಿಂದ, ಅದನ್ನು ಮಾರುವುದಕ್ಕಾಗಲಿ ಕೊಯ್ಯುವುದಕ್ಕಾಗಲಿ ನಮ್ಮ ಅತ್ತೆಯವರು ಒಪ್ಪಿರಲಿಲ್ಲ. ಈಚೆಗೆ ಅದರ ಜುಟ್ಟು ಬಿಳಿಚಿಕೊಂಡಿದೆ, ಎತ್ತಿಕೊಂಡರೆ ಎದೆಮೂಳೆ ಕೈಗೆ ಚೂಪಾಗಿ ತಾಗುತ್ತದೆ, ಆದರೆ ಹೊಟ್ಟೆಯ ಕೆಳಭಾಗ ಮಾತ್ರ ಊದಿಕೊಂಡಿದೆ. ಸಂಜೆ ಗೂಡಿನ ಅಡ್ಡಗೋಲಿಗೆ ಹಾರಲಾಗದೆ ನೆಲದ ಮೇಲೆಯೇ ಮುದುಡಿ ಕೂರುತ್ತದೆ. ಹೆಚ್ಚು ಸೊರಗುವ ಮೊದಲೇ ಸಾರಿಗೆ ಹಾಕಬೇಕೆಂದು ನಮ್ಮ ಮೈದುನ ಹೇಳಿದರೆ, ತಾನಾಗಿಯೇ ಹೋಗಲಿ ಎಂದು ಅತ್ತೆಯವರು ಹೇಳುತ್ತಾರೆ. ನೋವಿಲ್ಲದೆ ಜೀವ ಹೋಗುವಂತೆ ಪಶು ಆಸ್ಪತ್ರೆಯಲ್ಲಿ ಚುಚ್ಚುಮದ್ದು ಕೊಡಿಸುವ ಮಾತನ್ನು ನಾನು ಎತ್ತಿದಾಗ ಇಬ್ಬರೂ ನಕ್ಕುಬಿಟ್ಟರು. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1 – ನಿವೃತ್ತ ಪಶುವೈದ್ಯ, ಚಿಂತಾಮಣಿ

ಅಮ್ಮಾ, ನಾಟಿ ಕೋಳಿಗಳು ಸಾಮಾನ್ಯವಾಗಿ 5ರಿಂದ 8 ವರ್ಷ ಬದುಕುತ್ತವೆ. ಆದ್ದರಿಂದ ನಿಮ್ಮ ಹೇಂಟೆಗೆ ವಯಸ್ಸಾಗಿರುವುದು ನಿಜ. ಆದರೆ ವಯಸ್ಸೊಂದೇ ಕೋಳಿಯನ್ನು ಹೀಗೆ ಸೊರಗಿಸುವುದಿಲ್ಲ. ರೆಕ್ಕೆಯ ಅಡಿಯಲ್ಲಿ ಮತ್ತು ಗುದದ ಸುತ್ತ ಹೇನು, ಉಣ್ಣಿ ಇವೆಯೇ, ಅಂಗಾಲಿನಲ್ಲಿ ಕಪ್ಪು ಹಕ್ಕಳೆಯ ಗಂಟು ಇದೆಯೇ, ಕತ್ತಿನ ಬುಡದಲ್ಲಿರುವ ಮೇವಿನ ಚೀಲ ಬೆಳಿಗ್ಗೆ ಮೇವು ಹಾಕುವ ಮೊದಲು ಖಾಲಿಯಾಗಿರುತ್ತದೆಯೇ ಎಂದು ಮೊದಲು ನೋಡಿ. ರಕ್ತ ಹೀರುವ ಉಣ್ಣಿ ಮತ್ತು ಹೊಟ್ಟೆಯ ಹುಳುಗಳಿಂದಲೂ ಜುಟ್ಟು ಬಿಳಿಚುತ್ತದೆ, ಮತ್ತು ಅವುಗಳಿಗೆ ಔಷಧಿ ಇದೆ.

ಆದರೆ ಎದೆ ಬತ್ತಿ ಹೊಟ್ಟೆ ಮಾತ್ರ ಊದಿದೆ ಎಂದು ನೀವು ಬರೆದಿರುವುದು ನನಗೆ ಒಳ್ಳೆಯ ಲಕ್ಷಣವಾಗಿ ಕಾಣುತ್ತಿಲ್ಲ. ಮುದಿ ಹೇಂಟೆಗಳಲ್ಲಿ ಅಂಡಾಶಯದ ಗಡ್ಡೆ ಸಾಮಾನ್ಯ. ಎಷ್ಟು ಸಾಮಾನ್ಯವೆಂದರೆ, ಮಹಿಳೆಯರ ಅಂಡಾಶಯದ ಕ್ಯಾನ್ಸರನ್ನು ಅರಿಯಲು ವಿಜ್ಞಾನಿಗಳು ಕೋಳಿಗಳನ್ನೇ ಅಧ್ಯಯನ ಮಾಡುತ್ತಾರೆ. ಮೊಟ್ಟೆಯ ಹಳದಿ ಹೊಟ್ಟೆಯೊಳಗೆ ಸೋರಿ ಸೋಂಕಾದರೂ ಹೊಟ್ಟೆ ಹೀಗೆಯೇ ಊದುತ್ತದೆ. ವೈದ್ಯರು ಸೂಜಿಯಿಂದ ನೀರು ತೆಗೆದರೆ ಕೆಲಕಾಲ ಉಸಿರು ಹಗುರವಾಗುತ್ತದೆ, ಆದರೆ ಸಾಮಾನ್ಯವಾಗಿ ಮತ್ತೆ ತುಂಬಿಕೊಳ್ಳುತ್ತದೆ. ಕೋಳಿಗೆ ನಮ್ಮಂತೆ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಇರುವುದಿಲ್ಲವಾದ್ದರಿಂದ ಹೊಟ್ಟೆಯ ನೀರು ನೇರವಾಗಿ ಗಾಳಿಚೀಲಗಳನ್ನು ಒತ್ತುತ್ತದೆ; ಪರೀಕ್ಷಿಸುವಾಗ ಅದನ್ನು ಬೆನ್ನಡಿಯಾಗಿ ಮಲಗಿಸಬೇಡಿ.

ತಾನಾಗಿಯೇ ಹೋಗಲಿ ಎನ್ನುವ ನಿಮ್ಮ ಅತ್ತೆಯವರ ಮಾತಿನಲ್ಲಿ ಕರುಣೆ ಇದೆ, ಒಪ್ಪುತ್ತೇನೆ. ಆದರೆ ಕೋಳಿ ತನ್ನ ನೋವನ್ನು ಮರೆಮಾಚುವ ಪ್ರಾಣಿ. ಅದು ಮೇವು ಬಿಟ್ಟು, ಬಾಯಿ ತೆರೆದು ಉಸಿರಾಡುತ್ತಾ ಕೂತಿದೆ ಎಂದರೆ ನೋವು ಆಗಲೇ ಬಹಳ ಮುಂದುವರಿದಿರುತ್ತದೆ. ಮೇವು ಮುಟ್ಟುತ್ತಿದೆಯೇ, ನೀರಿನವರೆಗೆ ನಡೆದು ಹೋಗುತ್ತಿದೆಯೇ, ಬಿಸಿಲು ಬಂದಾಗ ಮಣ್ಣಿನಲ್ಲಿ ಹೊರಳಾಡುತ್ತಿದೆಯೇ ಎಂದು ಗಮನಿಸಿ. ಇವೆಲ್ಲ ಉಳಿದಿದ್ದರೆ ಅದನ್ನು ಇನ್ನೂ ನೋಡಿಕೊಳ್ಳಬಹುದು. ಇವು ನಿಂತಿದ್ದರೆ, ಚುಚ್ಚುಮದ್ದಿನ ಬಗ್ಗೆ ಕೇಳುವುದು ನಗುವ ವಿಷಯವೇನೂ ಅಲ್ಲ. ಮೊದಲು ಪ್ರಜ್ಞೆ ತಪ್ಪಿಸಿ ಆಮೇಲೆ ಕೊನೆಗೊಳಿಸುವಂತೆ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ವಿನಂತಿಸಿ.

ಉತ್ತರ 2 – ಕೋಳಿ ಸಾಕಣೆದಾರ, ಗೌರಿಬಿದನೂರು

ವೈದ್ಯರ ಮಾತಿಗೆ ಗೌರವವಿದೆ. ಆದರೂ ಉಸಿರಾಡಲು ಕಷ್ಟಪಡುವ ಕೋಳಿಯನ್ನು ಚೀಲದಲ್ಲಿಟ್ಟು, ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ, ನಾಯಿಗಳು ಬೊಗಳುವ ಆಸ್ಪತ್ರೆಯ ಜಗಲಿಯಲ್ಲಿ ಸರದಿಗಾಗಿ ಕಾಯಿಸುವುದಕ್ಕಿಂತ, ಅದು ಹುಟ್ಟಿ ಬೆಳೆದ ಹಿತ್ತಲಿನಲ್ಲಿಯೇ, ಕೈ ಪಳಗಿದವರೊಬ್ಬರು ಹರಿತವಾದ ಚಾಕುವಿನಿಂದ ಕ್ಷಣದಲ್ಲಿ ಮುಗಿಸುವುದು ಹೆಚ್ಚು ಕ್ರೂರವೆಂದು ನನಗೆ ಅನ್ನಿಸುವುದಿಲ್ಲ. ಕೈ ಪಳಗಿದವರು ಎಂಬುದನ್ನು ಮಾತ್ರ ಒತ್ತಿ ಹೇಳುತ್ತೇನೆ, ಏಕೆಂದರೆ ಕೋಳಿಯನ್ನು ಮುಳುಗಿಸುವುದು, ಚೀಲದಲ್ಲಿ ಕಟ್ಟಿಹಾಕುವುದು, ಮೇವು ನಿಲ್ಲಿಸಿ ಬಿಡುವುದು ಎಲ್ಲವನ್ನೂ ಜನ ಮಾಡುವುದನ್ನು ಕಂಡಿದ್ದೇನೆ.

ಅಲ್ಲಿಯವರೆಗೆ ಬೇರೆ ಕೋಳಿಗಳು ಕುಕ್ಕದಂತೆ ಪ್ರತ್ಯೇಕವಾಗಿಡಿ, ಆದರೆ ಅವು ಅದಕ್ಕೆ ಕಾಣುತ್ತಿರಲಿ. ಒಂಟಿಯಾದರೆ ಮೇವನ್ನೇ ಬಿಟ್ಟುಬಿಡುತ್ತದೆ. ಗೋಣಿಚೀಲ ಹಾಸಿ, ನೆನೆಸಿದ ನುಚ್ಚನ್ನು ಕೊಕ್ಕಿಗೆ ಸಿಗುವ ಹಾಗೆ ಇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಇಂದು ನೋಡಿದೆ: ಹೇನಿಲ್ಲ, ಮೇವಿನ ಚೀಲ ಖಾಲಿ ಇದೆ, ಆದರೆ ನುಚ್ಚನ್ನು ಮುಟ್ಟುತ್ತಿಲ್ಲ. ಮನೆಯಲ್ಲಿಯೇ ಕೊಯ್ಯುವುದಾದರೆ ಮೈದುನ ಹೇಳುವಂತೆ ಅಡುಗೆಗೆ ಬಳಸಬಹುದೇ?

ಉತ್ತರ 1 – ನಿವೃತ್ತ ಪಶುವೈದ್ಯ, ಚಿಂತಾಮಣಿ

ಬೇಡ. ಹೊಟ್ಟೆಯಲ್ಲಿ ಸೋಂಕಿರಬಹುದಾದ ಕೋಳಿಯನ್ನು ತಿನ್ನಬಾರದು. ಈ ಮಾತನ್ನು ಮೈದುನನವರಿಗೆ ನನ್ನ ಹೆಸರಿನಲ್ಲಿಯೇ ಹೇಳಿ. ಗೌರಿಬಿದನೂರಿನವರು ಪ್ರಯಾಣದ ಬಗ್ಗೆ ಬರೆದಿರುವುದು ಸರಿಯಾಗಿದೆ. ಆದ್ದರಿಂದ ಮೊದಲು ಹತ್ತಿರದ ಪಶು ಚಿಕಿತ್ಸಾಲಯಕ್ಕೆ ಫೋನ್ ಮಾಡಿ ಕೇಳಿ. ಅವರಿಂದ ಆಗದಿದ್ದರೆ ಮನೆಯಲ್ಲಿಯೇ ಮುಗಿಸುವುದರಲ್ಲಿ ನನ್ನ ಆಕ್ಷೇಪವಿಲ್ಲ, ಆದರೆ ಮೇವು ಬಿಟ್ಟಿರುವಾಗ ಇನ್ನು ತಡಮಾಡಬೇಡಿ.

ಚುಚ್ಚುಮದ್ದು ಕೊಡಿಸಿದರೆ ಆಳವಾದ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಬೇಕು. ಆ ಔಷಧಿ ಮಾಂಸದಲ್ಲಿ ಉಳಿಯುವುದರಿಂದ, ನಾಯಿಯೋ ಹದ್ದೋ ಅದನ್ನು ಎಳೆದು ತಿಂದರೆ ಅವೂ ಸಾಯಬಹುದು.

ಇನ್ನೊಂದು ವಿಷಯ. 2025ರ ಆರಂಭದಲ್ಲಿ ನಮ್ಮದೇ ಜಿಲ್ಲೆಯ ವರದಹಳ್ಳಿಯಲ್ಲಿ ಹಕ್ಕಿ ಜ್ವರ ದೃಢಪಟ್ಟಿತ್ತು. ನಿಮ್ಮ ಹೇಂಟೆಯ ಲಕ್ಷಣ ಅದಲ್ಲ, ಗಾಬರಿ ಬೇಡ. ಆದರೆ ಗುಂಪಿನಲ್ಲಿ ಇನ್ನೂ ಒಂದೆರಡು ಕೋಳಿಗಳು ಇದ್ದಕ್ಕಿದ್ದಂತೆ ಸತ್ತರೆ ಬರಿಗೈಯಲ್ಲಿ ಮುಟ್ಟದೆ, ಹೂಳುವ ಮೊದಲೇ ಪಶುಪಾಲನಾ ಇಲಾಖೆಗೆ ತಿಳಿಸಿ.