ಹಾರ್ಟ್ ಅಟ್ಯಾಕ್ ರೀಲ್ಸ್: 'ನಾಟ್ ಇಂಟರೆಸ್ಟೆಡ್' ಒತ್ತಿದರೂ ಯಾಕೆ ನಿಲ್ತಿಲ್ಲ?

ಹೇಮಾವತಿ_ದಂಡೆ:
ಇನ್‌ಸ್ಟಾ, ಯೂಟ್ಯೂಬ್ ಎರಡರಲ್ಲೂ ಹತ್ತು ವಿಡಿಯೊ ಬಂದರೆ ಆರೇಳು ಹಾರ್ಟ್ ಅಟ್ಯಾಕಿನದೇ. ಜಿಮ್ಮಿನಲ್ಲಿ ಕುಸಿದವರ ಸಿಸಿಟಿವಿ, 'ಈ ಐದು ಲಕ್ಷಣ ಇದ್ದರೆ ಹುಷಾರ್', ಇಂಥವೇ. ಫೋನ್ ಮನೆಯ 58 ವರ್ಷದವರೊಬ್ಬರದು. ಬಿಪಿ, ಶುಗರ್ ಇಲ್ಲ. ಇಸಿಜಿ, ಎಕೋ ನಾರ್ಮಲ್. ಆದರೂ ರಾತ್ರಿ ಎದೆ ಹೊಡ್ಕೊಳ್ಳುತ್ತೆ ಅಂತ ಎದ್ದು ಕೂರ್ತಾರೆ. ಫೀಡಿಗೂ ಇದಕ್ಕೂ ಸಂಬಂಧ ಇದೆಯಾ? ನಿಲ್ಲಿಸೋದು ಹೇಗೆ?

ಕಡ್ಲೆಪುರಿ:
ಇದೆ. ಭಯಕ್ಕೆ ನೋಡಿದ್ರೋ ಇಷ್ಟಪಟ್ಟು ನೋಡಿದ್ರೋ ಫೀಡಿಗೆ ಗೊತ್ತಾಗಲ್ಲ. ಬೆರಳು ಎಷ್ಟು ಹೊತ್ತು ನಿಂತಿತು, ಕೊನೇವರೆಗೆ ನೋಡಿದ್ರಾ, ಯಾರಿಗಾದ್ರೂ ಕಳಿಸಿದ್ರಾ, ಮುಖ್ಯವಾಗಿ ಇವೇ ಲೆಕ್ಕ. ಗಾಬರಿಯಿಂದ ಮನೆಯವರಿಗೆಲ್ಲ ಕಳಿಸಿದ ವಿಡಿಯೊ ಅದರ ಪಾಲಿಗೆ ಒಳ್ಳೇ ಸರಕು.

ಮುಂದಿನದು ಮೈಯಲ್ಲಿ ನಡೆಯೋದು. ಆತಂಕಕ್ಕೆ ಅಡ್ರಿನಲಿನ್ ಏರುತ್ತೆ, ಎದೆ ಬಡಿತ ಜೋರಾಗುತ್ತೆ, ಅದನ್ನೇ ಹಾರ್ಟಿನ ಲಕ್ಷಣ ಅಂದ್ಕೊಂಡು ಮತ್ತೆ ಹುಡುಕ್ತಾರೆ. ಆ ಹುಡುಕಾಟ ಫೀಡಿಗೆ ಇನ್ನೊಂದು ಸುಳಿವು. 2025ರಲ್ಲಿ ಹಾಸನದಲ್ಲಿ ಹಾರ್ಟ್ ಅಟ್ಯಾಕ್ ಸಾವು ಹೆಚ್ಚಾಗಿದೆ ಅನ್ನೋ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ತಪಾಸಣೆಗೆ ಜನ ಮುಗಿಬಿದ್ದಿದ್ದು ನೆನಪಿದೆಯಲ್ಲ? ಜಯದೇವ ನಿರ್ದೇಶಕರ ನೇತೃತ್ವದ ಸಮಿತಿ ಆಮೇಲೆ, ಸಾವಿನ ಸಂಖ್ಯೆಯಲ್ಲಿ ಅಸಹಜ ಏರಿಕೆ ಇಲ್ಲ ಅಂತ ವರದಿ ಕೊಟ್ಟಿತು. ಆ ವರದಿಯ ರೀಲ್ ಎಷ್ಟು ಜನರಿಗೆ ಬಂತೋ!

ತಂತಿಬೇಲಿ:
'ನಾಟ್ ಇಂಟರೆಸ್ಟೆಡ್' ಬಟನ್ ವಿಷಯ. ಫೈರ್‌ಫಾಕ್ಸ್ ಬ್ರೌಸರ್‌ನ ಮೊಜಿಲ್ಲಾ ಸಂಸ್ಥೆ 2022ರಲ್ಲಿ 20 ಸಾವಿರಕ್ಕೂ ಹೆಚ್ಚು ಸ್ವಯಂಸೇವಕರ ಯೂಟ್ಯೂಬ್ ದತ್ತಾಂಶ ನೋಡಿತ್ತು. 'ನಾಟ್ ಇಂಟರೆಸ್ಟೆಡ್' ತಡೆದದ್ದು ಬೇಡದ ಶಿಫಾರಸುಗಳಲ್ಲಿ ಬರೀ 11%. ಡಿಸ್‌ಲೈಕ್ 12%, ಹಿಸ್ಟರಿಯಿಂದ ತೆಗೆದರೆ 29%, 'ಡೋಂಟ್ ರೆಕಮೆಂಡ್ ಚಾನೆಲ್' 43%. ಅದಕ್ಕೇ ಒಂದೊಂದೇ ವಿಡಿಯೊ ತಳ್ಳುತ್ತಾ ಕೂರಬೇಡಿ, ಬುಡಕ್ಕೇ ಕೈ ಹಾಕಿ.

ಯೂಟ್ಯೂಬ್: ಸೆಟ್ಟಿಂಗ್ಸ್‌ನಲ್ಲಿ 'ಮ್ಯಾನೇಜ್ ಆಲ್ ಹಿಸ್ಟರಿ' ತೆರೆದು ನೋಡಿದ್ದು, ಹುಡುಕಿದ್ದು ಎರಡನ್ನೂ ಅಳಿಸಿ, ವಾಚ್ ಹಿಸ್ಟರಿ ಆಫ್ ಮಾಡಿ. 2023ರಿಂದ ಹೀಗೆ ಮಾಡಿದರೆ ಹೋಮ್ ಪುಟ ಖಾಲಿ ಹೊಡೆಯುತ್ತೆ. ಫೋನ್ ಕೆಟ್ಟಿಲ್ಲ, ಗಾಬರಿ ಬೇಡ.

ಇನ್‌ಸ್ಟಾ: 'ಕಂಟೆಂಟ್ ಪ್ರಿಫರೆನ್ಸಸ್' ಒಳಗೆ ಸಜೆಸ್ಟೆಡ್ ಕಂಟೆಂಟ್ ರಿಸೆಟ್ ಇದೆ. ಒಮ್ಮೆ ಮಾಡಿದರೆ ವಾಪಸ್ ಬರಲ್ಲ. ಫಾಲೋ ಮಾಡಿರೋ 'ಆರೋಗ್ಯ' ಪೇಜುಗಳನ್ನೂ ಅದೇ ಹೊತ್ತಿಗೆ ಬಿಡಿ. ಅವು ಉಳಿದರೆ ರಿಸೆಟ್ ಮಾಡಿದ್ದು ನೀರಲ್ಲಿ ಹೋಮ. ಆಮೇಲೆ ಮೊದಲ ಕೆಲವು ದಿನವೇ ಮುಖ್ಯ: ಅಂಥದ್ದು ಬಂದರೆ ಕಾಮೆಂಟ್ ಓದೋಕೂ ನಿಲ್ಲದೆ ಸರಿಸಬೇಕು. ಬೈಯೋಕೆ ಕಾಮೆಂಟ್ ಹಾಕೋದಂತೂ ಬೇಡವೇ ಬೇಡ.

ಸಂಜೆಮಲ್ಲಿಗೆ:
ಎಲ್ಲ ಅಲ್ಗಾರಿದಮ್ (ಯಾವ ವಿಡಿಯೊ ತೋರಿಸಬೇಕು ಅಂತ ಆರಿಸೋ ಲೆಕ್ಕಾಚಾರ) ತಲೆಗೇ ಕಟ್ಟಬೇಡಿ. 2020ರ ಅಮೆರಿಕ ಚುನಾವಣೆ ಹೊತ್ತಿಗೆ ಫೇಸ್‌ಬುಕ್, ಇನ್‌ಸ್ಟಾದಲ್ಲಿ ಕೆಲವರಿಗೆ ಮೂರು ತಿಂಗಳು ಅಲ್ಗಾರಿದಮ್ ಆರಿಸದ, ಬರೀ ಸಮಯದ ಕ್ರಮದ ಫೀಡ್ ಕೊಟ್ಟು ನೋಡಿದ್ದರು. ಅವರು ಆ ಆ್ಯಪ್‌ಗಳಲ್ಲಿ ಕಳೆಯೋ ಹೊತ್ತು ಇಳಿಯಿತು, ಆದರೆ ರಾಜಕೀಯ ಧ್ರುವೀಕರಣದಲ್ಲಿ ಹೇಳಿಕೊಳ್ಳೋ ಬದಲಾವಣೆ ಆಗಲಿಲ್ಲ. ಹಾಗೇ ಇಲ್ಲೂ ಫೀಡ್ ಖಾಲಿಯಾದರೂ ಭಯ ಉಳಿಯಬಹುದು. ಪದೇ ಪದೇ ನಾಡಿ ಹಿಡಿಯೋದು, ನೆಟ್‌ನಲ್ಲಿ ಲಕ್ಷಣ ಹುಡುಕೋದು ಮುಂದುವರಿದರೆ ಅದು ಹೆಲ್ತ್ ಆ್ಯಂಗ್ಸೈಟಿ (ಕಾಯಿಲೆ ಬಗ್ಗೆ ಅತಿಯಾದ ಆತಂಕ) ಇರಬಹುದು. ಯೋಚನೆ, ನಡವಳಿಕೆ ಬದಲಿಸೋಕೆ ಕಲಿಸೋ ಸಿಬಿಟಿ ಅನ್ನೋ ಮಾತಿನ ಚಿಕಿತ್ಸೆಯಿಂದ ಚೆನ್ನಾಗಿ ಹತೋಟಿಗೆ ಬರುತ್ತೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಹಾಗಂತ ಎದೆ ಬಿಗಿತ, ಬೆವರು, ತೋಳಿಗೋ ದವಡೆಗೋ ಹರಡೋ ನೋವು ಬಂದರೆ 'ರೀಲ್ಸ್ ಎಫೆಕ್ಟ್' ಅಂತ ಸುಮ್ಮನಿರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಹೇಮಾವತಿ_ದಂಡೆ:
ಯೂಟ್ಯೂಬ್ ಅಳಿಸಿ ಆಫ್ ಮಾಡಿದ್ದಾಯ್ತು, ಹೋಮ್ ಖಾಲಿ. ಆದರೆ ಟಿವಿಯಲ್ಲಿ ಅವೇ ಬರ್ತಿವೆ?

ತಂತಿಬೇಲಿ:
ಟಿವಿಯಲ್ಲಿ ಬೇರೆ ಜಿಮೇಲ್ ಇರುತ್ತೆ, ಸಾಮಾನ್ಯವಾಗಿ ಮನೆಯಲ್ಲಿ ಮೊದಲು ಲಾಗಿನ್ ಆದವರದು. ಬಲ ಮೂಲೆಯ ಅಥವಾ ಎಡ ಪಟ್ಟಿಯ ಪ್ರೊಫೈಲ್ ಚಿತ್ರ ನೋಡಿ, ಆ ಖಾತೆಯಲ್ಲೂ ಇದೇ ಕೆಲಸ ಮಾಡಿ.