ಪುಶ್‌ರಾಡ್‌ಗೆ ‘ತಳ್ಳುಗೋಲು’ ಆದೀತೇ? ಓವರ್‌ಹೆಡ್ ಕ್ಯಾಮ್‌ಗೆ ಏನು?

ಗೆಳೆಯರೆ, ನಮಸ್ಕಾರ.

ದೊಡ್ಡ, ಬಲಶಾಲಿ ಎಂಜಿನ್ನಿಗೆ ಹೆಸರಾದ ಅಮೆರಿಕದ ಮಸಲ್ ಕಾರುಗಳ ಎಂಜಿನ್ ಕುರಿತು ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ವಾರದಿಂದ ಎರಡೇ ಪದಗಳ ಹತ್ತಿರ ಕೈ ನಿಂತಿದೆ: ಪುಶ್‌ರಾಡ್ ಮತ್ತು ಓವರ್‌ಹೆಡ್ ಕ್ಯಾಮ್. ಷೆವರ್ಲೆಯ ಕಾರ್ವೆಟ್ ಕಾರಿನ ಪ್ರಿಯರು ಒಂದರ ಕಡೆ, ಫೋರ್ಡಿನ ಈಚಿನ ಮಸ್ಟಾಂಗ್ ಪ್ರಿಯರು ಇನ್ನೊಂದರ ಕಡೆ ನಿಂತು ವರ್ಷಗಟ್ಟಲೆ ವಾದಿಸುತ್ತ ಬಂದಿದ್ದಾರೆ. ಇಂಗ್ಲಿಷ್ ಪದಗಳನ್ನೇ ಕನ್ನಡ ಲಿಪಿಯಲ್ಲಿ ಬರೆದು ಮುಂದೆ ಹೋಗಬಹುದು. ಆದರೆ ಎಂಜಿನ್ನಿನ ಒಳಗೆ ಏನು ನಡೆಯುತ್ತದೆ ಎನ್ನುವುದು ಪದದಲ್ಲೇ ಕಾಣಬೇಕೆಂಬುದು ನನ್ನ ಆಸೆ.

‘ವಾಲ್ವ್’ಗೆ ಕವಾಟ ಎಂದರೆ ತಕರಾರಿಲ್ಲ, ಹೃದಯದ ಕವಾಟವನ್ನು ಶಾಲೆಯಲ್ಲೇ ಓದಿದ್ದೇವೆ. ತಿರುಗುವ ದಂಡದ ಮೇಲಿನ ಉಬ್ಬು ಕ್ಯಾಮ್. ಕವಾಟವನ್ನು ತೆರೆಯುವುದು ಅದರ ಕೆಲಸ. ಅದು ಎಂಜಿನ್ನಿನ ಒಡಲಲ್ಲಿದ್ದು (ಬ್ಲಾಕ್) ಕವಾಟ ಮೇಲೆ ತಲೆಯಲ್ಲಿದ್ದರೆ (ಸಿಲಿಂಡರ್ ಹೆಡ್), ಉಬ್ಬಿನ ನೂಕನ್ನು ಮೇಲಕ್ಕೆ ಮುಟ್ಟಿಸಲು ನಡುವೆ ಒಂದು ಕಡ್ಡಿ ಬೇಕು. ಅದೇ ಪುಶ್‌ರಾಡ್. ಕಡ್ಡಿಯ ಮೇಲ್ತುದಿ ರಾಕರ್ ಎಂಬ ಸನ್ನೆಯ ಒಂದು ಕೊನೆಯನ್ನು ಎತ್ತುತ್ತದೆ, ಇನ್ನೊಂದು ಕೊನೆ ಇಳಿದು ಕವಾಟವನ್ನು ಅದುಮುತ್ತದೆ. ರಾಕರ್‌ಗೆ ನನಗೆ ತಕ್ಷಣ ಹೊಳೆದದ್ದು ‘ಏತ’. ಬಾವಿಯ ಏತ ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಹಳೆಯ ಬುಲೆಟ್ ಬೈಕಿನಲ್ಲೂ ಇದೇ ಏರ್ಪಾಡು. ಹೋದ ತಿಂಗಳು ಒಂದು ಗ್ಯಾರೇಜಿನಲ್ಲಿ ಟ್ಯಾಪೆಟ್ ಸೆಟ್ ಮಾಡುವುದನ್ನು, ಅಂದರೆ ಈ ಕಡ್ಡಿಯ ಸಡಿಲ ಸರಿಮಾಡುವುದನ್ನು, ಹತ್ತಿರ ಕುಳಿತು ನೋಡಿದೆ. ಪೆನ್ಸಿಲ್ ಗಾತ್ರದ ಕಡ್ಡಿಯನ್ನು ಮೇಸ್ತ್ರಿ ಎರಡು ಬೆರಳಲ್ಲಿ ಹಿಡಿದು ತಿರುಗಿಸುತ್ತ, “ಕಡ್ಡಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು” ಎಂದರು. ಅವರ ಬಾಯಲ್ಲಿ ಅದು ಬರೀ ‘ಕಡ್ಡಿ’. ಗ್ಯಾರೇಜಿನಲ್ಲಿ ಅಷ್ಟು ಸಾಕು, ಬರಹದಲ್ಲಿ ಸಾಲದು. ಕಡೆಗೋಲು, ಊರುಗೋಲುಗಳ ಜಾಡಿನಲ್ಲಿ ‘ತಳ್ಳುಗೋಲು’ ಎಂದು ಬರೆದುಕೊಂಡಿದ್ದೇನೆ. ‘ನೂಕುಗೋಲು’ ಬೇಡವೆನಿಸಿತು, ನೂಕಿದ್ದು ದೂರ ಹೋಗಿಬಿಡುತ್ತದೆ. ಇಲ್ಲಿ ತಳ್ಳಿದ್ದು ಪ್ರತಿ ಸಲವೂ ಹಿಂದಕ್ಕೆ ಬರಬೇಕು.

ನಿಜವಾದ ತೊಡಕು ‘ಓವರ್‌ಹೆಡ್’ ಪದದ್ದು. ಪುಶ್‌ರಾಡ್ ಎಂಜಿನ್ನಿಗೆ ಅಮೆರಿಕದಲ್ಲಿ ಓಎಚ್‌ವಿ ಅಂತಲೂ ಹೆಸರುಂಟು, ಅಂದರೆ ಓವರ್‌ಹೆಡ್ ವಾಲ್ವ್. ಎದುರು ಪಕ್ಷ ಓಎಚ್‌ಸಿ, ಓವರ್‌ಹೆಡ್ ಕ್ಯಾಮ್, ಅಂದರೆ ಕ್ಯಾಮೇ ತಲೆಯಲ್ಲಿರುವುದು. ಎದುರಾಳಿಗಳೆಂದು ನಾವು ಹೇಳುವ ಎರಡರಲ್ಲೂ ‘ಓವರ್‌ಹೆಡ್’ ಇದೆ! ಒಂದು ಅನುವಾದದಲ್ಲಿ ‘ತಲೆಯ ಮೇಲಿನ ಕವಾಟ’, ‘ತಲೆಯ ಮೇಲಿನ ಕ್ಯಾಮ್’ ಎಂದು ಓದಿ ವ್ಯತ್ಯಾಸವೇ ತಿಳಿಯದೆ ಕಂಗಾಲಾದೆ. ಕಾರಣ ಇತಿಹಾಸದಲ್ಲಿದೆ. 1932ರ ಫೋರ್ಡ್ ವಿ8 (ವಿ ಆಕಾರದಲ್ಲಿ ಎರಡು ಸಾಲು, ಒಟ್ಟು ಎಂಟು ಸಿಲಿಂಡರ್) ಎಂಜಿನ್ನಿನಲ್ಲಿ ಕವಾಟಗಳೂ ಒಡಲಲ್ಲೇ ಇದ್ದವು, ತಲೆ ಒಂದು ಚಪ್ಪಟೆ ಮುಚ್ಚಳ. 1949ರಲ್ಲಿ ಓಲ್ಡ್ಸ್‌ಮೊಬೈಲ್ ಮತ್ತು ಕ್ಯಾಡಿಲಾಕ್, 1955ರಲ್ಲಿ ಷೆವರ್ಲೆ ತಮ್ಮ ಹೊಸ ವಿ8ಗಳಲ್ಲಿ ಕವಾಟಗಳನ್ನು ತಲೆಗೆ ಏರಿಸಿದಾಗ ಅಂಥ ಹಳೆಯ ವಿ8ಗಳಿಂದ ಅವನ್ನು ಬೇರ್ಪಡಿಸಿದ್ದು ಅದೇ, ಓವರ್‌ಹೆಡ್ ವಾಲ್ವ್ ಎಂಬ ಹೆಸರು ಹಿಡಿಯುವುದೂ ಅದನ್ನೇ. ಇಂದು ಕವಾಟ ಎಲ್ಲ ಕಾರುಗಳಲ್ಲೂ ತಲೆಯಲ್ಲೇ ಇರುತ್ತದೆ, ಕೇಳಬೇಕಾದದ್ದು ಕ್ಯಾಮ್ ಎಲ್ಲಿದೆ ಎಂದು. ಹಾಗಾಗಿ ನನ್ನ ಸಲಹೆ ‘ಒಡಲ ಕ್ಯಾಮ್’ ಮತ್ತು ‘ತಲೆ ಕ್ಯಾಮ್’. ಆಗ ಜೋಡಿ ಜೋಡಿಯಾಗಿಯೇ ಇರುತ್ತದೆ. ಪುಶ್‌ರಾಡ್ ಎಂದರೆ ಒಂದು ಬಿಡಿಭಾಗ, ಓವರ್‌ಹೆಡ್ ಕ್ಯಾಮ್ ಎಂದರೆ ಒಂದು ಜಾಗ. ಇವೆರಡನ್ನು ಹೋಲಿಸುವುದೇ ಸರಿಯಲ್ಲ.

ಇನ್ನೂ ಒಂದು ಗೋಜಲು ‘ಸಿಂಗಲ್ ಓವರ್‌ಹೆಡ್ ಕ್ಯಾಮ್’. 1996ರ ಮಸ್ಟಾಂಗ್ ಜಿಟಿಯ 4.6 ಲೀಟರ್ ವಿ8ಗೆ ಈ ಹೆಸರಿದೆ, ಆದರೆ ಅದರಲ್ಲಿರುವುದು ಎರಡು ಕ್ಯಾಮ್ ದಂಡ! ವಿ ಆಕಾರದ ಎಂಜಿನ್ನಿಗೆ ಎರಡು ತಲೆ, ಒಂದೊಂದಕ್ಕೂ ಒಂದು ದಂಡ. ‘ಡಬಲ್’ ಎಂದರೆ ನಾಲ್ಕು. ನಿಜಕ್ಕೂ ಒಂದೇ ಕ್ಯಾಮ್ ದಂಡ ಇರುವುದು ಪುಶ್‌ರಾಡ್ ವಿ8ರಲ್ಲಿ: ಎರಡು ಸಾಲುಗಳ ನಡುವಿನ ಕಣಿವೆಯಲ್ಲಿ ಕುಳಿತು ಹದಿನಾರು ಕವಾಟಗಳನ್ನೂ ಅದೇ ಆಡಿಸುತ್ತದೆ. ಇಲ್ಲಿ ‘ಏಕ ಕ್ಯಾಮ್’ ಎಂದು ಅನುವಾದಿಸಿದರೆ ಅರ್ಥ ತಲೆಕೆಳಗು. ನಮ್ಮಲ್ಲಿ ‘ತಲೆಗೊಂದು’, ‘ತಲೆಗೆರಡು’ ಎಂಬ ಮಾತು ಸಿದ್ಧವಾಗಿಯೇ ಇದೆ. ತಲೆಗೊಂದು ಕ್ಯಾಮ್, ತಲೆಗೆರಡು ಕ್ಯಾಮ್. ಇಂಗ್ಲಿಷ್ ಮುಚ್ಚಿಟ್ಟದ್ದನ್ನು ಕನ್ನಡ ಬಿಡಿಸಿ ಹೇಳುತ್ತದೆ. ಇದು ಹೊಳೆದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಲೇಖನದ ಹೋಲಿಕೆಯಲ್ಲಿ ಪದಗಳು ಹೇಗೆ ಕೂರುತ್ತವೆ ನೋಡಿ. 1995ರ ಮಸ್ಟಾಂಗ್ ಜಿಟಿಯ 5.0 ಲೀಟರಿನದು ಒಡಲ ಕ್ಯಾಮ್ ಎಂಜಿನ್, 215 ಅಶ್ವಶಕ್ತಿ. ಮರುವರ್ಷ ಬಂದ ತಲೆಗೊಂದು ಕ್ಯಾಮಿನ 4.6ಕ್ಕೂ 215 ಅಶ್ವಶಕ್ತಿಯೇ. ಆದರೆ ಲೀಟರ್ ಲೆಕ್ಕದಲ್ಲಿ ಚಿಕ್ಕದಾದ ಆ ಹೊಸ ಎಂಜಿನ್ ಹಳೆಯದಕ್ಕಿಂತ ಅಗಲ! ದಂಡಗಳು, ಸರಪಳಿಗಳು ತಲೆಯ ಮೇಲೆ ಹೊರೆಯಾಗಿ ಕುಳಿತಿದ್ದರಿಂದ ಹಾಗಾಯಿತು. 2011ರಲ್ಲಿ 5.0 ಎಂಬ ಗುರುತು ಮರಳಿ ಬಂತು, ಈ ಸಲ ತಲೆಗೆರಡು ಕ್ಯಾಮ್, 412 ಅಶ್ವಶಕ್ತಿ. ಹಾಗೆಂದು ‘ಒಡಲ ಕ್ಯಾಮ್ ಹಳತು, ತಲೆ ಕ್ಯಾಮ್ ಹೊಸತು’ ಎಂದು ಬರೆಯಲು ನಾನು ಒಪ್ಪುವುದಿಲ್ಲ. ಡಾಡ್ಜ್ ಕಂಪನಿಯ 2015ರ ಹೆಲ್‌ಕ್ಯಾಟ್‌ನ 707 ಅಶ್ವಶಕ್ತಿ ತಳ್ಳುಗೋಲುಗಳಿಂದಲೇ ಬಂದದ್ದು, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್‌ನ ಬಲದೊಂದಿಗೆ. ಈಗಿನ ಕಾರ್ವೆಟ್‌ನಲ್ಲಂತೂ ಎರಡೂ ಇವೆ: 2020ರ ಸ್ಟಿಂಗ್‌ರೇಗೆ 6.2 ಲೀಟರ್ ಒಡಲ ಕ್ಯಾಮ್, 2023ರ ಝಡ್06ಗೆ 5.5 ಲೀಟರ್ ತಲೆಗೆರಡು ಕ್ಯಾಮ್. ಎರಡನೆಯದು ನಿಮಿಷಕ್ಕೆ 8,600 ಸುತ್ತಿನವರೆಗೆ ತಿರುಗಬಲ್ಲದು.

ಆ ವೇಗದಲ್ಲಿ ಕಡ್ಡಿ, ಏತ ಎಲ್ಲವನ್ನೂ ಕುಣಿಸುವುದು ಕಷ್ಟ. ಭಾರ ಹೆಚ್ಚು, ಕಡ್ಡಿ ಬಾಗುತ್ತದೆ, ಸ್ಪ್ರಿಂಗ್ ಸೋಲುತ್ತದೆ, ಕವಾಟ ಕ್ಯಾಮಿನ ಜೊತೆ ಸಾಗಲಾರದೆ ಹಿಂದುಳಿಯುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ವಾಲ್ವ್ ಫ್ಲೋಟ್’. ‘ಕವಾಟ ತೇಲುವುದು’ ಎಂದರೆ ನೀರಿನ ಚಿತ್ರ ಮೂಡುತ್ತದೆ. ‘ಕವಾಟ ತಾಳ ತಪ್ಪುವುದು’ ಎಂದರೆ ಹೇಗೆ? ನನಗೆ ಇದೇ ಹಿಡಿಸಿದೆ.

‘ಮಸಲ್ ಕಾರು’ ಹಾಗೇ ಇರಲಿ. ‘ಸ್ನಾಯು ಕಾರು’ ಎಂದರೆ ಜೀವಶಾಸ್ತ್ರದ ಪಾಠ ಆಗುತ್ತದೆ. ‘ಜಟ್ಟಿ ಕಾರು’ ಚೆನ್ನಾಗಿದೆ, ತಲೆಬರಹಕ್ಕೆ ಒಮ್ಮೆ ಬಳಸಿಕೊಳ್ಳುತ್ತೇನೆ.

ಉಳಿದದ್ದು ಕ್ಯಾಮ್. ಇದಕ್ಕೆ ಹೊಸದಾಗಿ ಪದ ಹುಟ್ಟಿಸಲು ಮನಸ್ಸಿಲ್ಲ, ಎಲ್ಲೋ ಬಳಕೆಯಲ್ಲಿ ಇದ್ದೇ ಇರಬೇಕು. ವಿದ್ಯುತ್ ಮಗ್ಗಗಳಲ್ಲಿ ಲಾಳಿಯನ್ನು ಹೊಡೆದು ಕಳಿಸುವುದು ಇಂಥದೇ ಉಬ್ಬು. ದೊಡ್ಡಬಳ್ಳಾಪುರದ ಕಡೆಯವರು, ಮಗ್ಗದ ಮನೆಯಲ್ಲಿ ಬೆಳೆದವರು ಇಲ್ಲಿದ್ದರೆ, ನಿಮ್ಮ ಮನೆಯಲ್ಲಿ ಆ ಉಬ್ಬನ್ನು ಏನೆಂದು ಕರೆಯುತ್ತಿದ್ದರು, ದಯವಿಟ್ಟು ತಿಳಿಸಿ.