ಒಬ್ಬರೇ ತಾಯಿಗೆ ಎರಡು ಸಿದ್ಧಾಂತಗಳ ಆಪ್ತಸಮಾಲೋಚನೆ ಸರಿಯೇ?

ಪ್ರಶ್ನೆ – ಬದಿಯಡ್ಕ

ಆಪ್ತಸಮಾಲೋಚನೆಯ ತರಬೇತಿಯಲ್ಲಿರುವ ನಾನು ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಬಾಧಿತರಾದವರ ತಾಯಂದಿರ ಮಾತುಗಳನ್ನು ಕೇಳುತ್ತಿದ್ದೇನೆ. "ನನ್ನ ಕಾಲದ ನಂತರ ಇವನನ್ನು ನೋಡಿಕೊಳ್ಳುವವರು ಯಾರು?" ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಆರನ್ ಬೆಕ್ ಅವರ ಅರಿವಿನ ಚಿಕಿತ್ಸೆಯಂತೆ ಆ ಯೋಚನೆಗೆ ಪುರಾವೆಯೇನೆಂದು ವಿಚಾರಿಸಬೇಕು. ಬೆಳೆದ ಮಗನಿಗೆ ಇಂದಿಗೂ ತುತ್ತು ಉಣಿಸುತ್ತಿರುವ ತಾಯಿಯೊಡನೆ ಹಾಗೆ ಕೇಳುವುದು ಅವರನ್ನು ಅವಮಾನಿಸಿದಂತೆ ನನಗೆ ತೋರುತ್ತದೆ. ಕಾರ್ಲ್ ರೋಜರ್ಸ್ ಅವರ ಹಾದಿಯಲ್ಲಿ ಸಹಾನುಭೂತಿಯಿಂದ ಕೇಳಿಸಿಕೊಂಡರೆ ಮನಸ್ಸು ಹಗುರಾಗುತ್ತದೆ, ಆದರೆ ನಿದ್ರೆ ಬಾರದ ರಾತ್ರಿಗಳು ಹಾಗೆಯೇ ಉಳಿಯುತ್ತವೆ. ಎರಡನ್ನೂ ಬೆರೆಸಬಹುದೇ? ಬೆರೆಸಿದರೆ ಯಾವುದನ್ನೂ ನೆಟ್ಟಗೆ ಮಾಡದವಳಾಗುತ್ತೇನೆಯೇ?

ಉತ್ತರ – ಮಂಜೇಶ್ವರ

ಬೆರೆಸಬಹುದು, ಆದರೆ ಹೇಗೆ ಎಂಬುದು ಮುಖ್ಯ. ಮನಶ್ಶಾಸ್ತ್ರಜ್ಞ ಆರ್ನಾಲ್ಡ್ ಲಾಜರಸ್ 1967ರಲ್ಲಿ ಮುಂದಿಟ್ಟ ದಾರಿಯಲ್ಲಿ ಉಪಯುಕ್ತ ತಂತ್ರವನ್ನು ಯಾವ ಪಂಥದಿಂದಲಾದರೂ ಪಡೆಯಬಹುದು, ಅದರ ಸಿದ್ಧಾಂತವನ್ನು ಒಪ್ಪಬೇಕಾಗಿಲ್ಲ. ಪಾಲ್ ವಾಕ್ಟೆಲ್ 1977ರಲ್ಲಿ ಮನೋವಿಶ್ಲೇಷಣೆಯನ್ನೂ ವರ್ತನಾ ಚಿಕಿತ್ಸೆಯನ್ನೂ ಸಿದ್ಧಾಂತದ ಮಟ್ಟದಲ್ಲೇ ಕೂಡಿಸಲು ಯತ್ನಿಸಿದರು. ಕಲಿಯುತ್ತಿರುವವರಿಗೆ ಅದು ಭಾರವಾದೀತು. ಸ್ಟ್ಯಾನ್ಲಿ ಮೆಸ್ಸರ್ ಅವರ ದಾರಿಯೇ ನಿಮಗೆ ಹೊಂದುತ್ತದೆಂದು ನನ್ನ ಅಭಿಪ್ರಾಯ: ಒಂದು ಸಿದ್ಧಾಂತದಲ್ಲಿ ನೆಲೆನಿಂತು, ಬೇರೆಡೆಯ ತಂತ್ರವನ್ನು ಅದಕ್ಕೆ ಒಗ್ಗಿಸಿಕೊಳ್ಳುವುದು.

ಆ ತಾಯಿಯ ಭಯ ತಪ್ಪು ಗ್ರಹಿಕೆಯಲ್ಲವಾದ್ದರಿಂದ ಅದನ್ನು ಪರೀಕ್ಷೆಗೊಡ್ಡಬೇಡಿ. ಅಲ್ಲಿ ರೋಜರ್ಸ್ ಇರಲಿ. "ಬಸುರಿಯಾಗಿದ್ದಾಗ ಆ ತೋಡಿನ ನೀರು ಕುಡಿದ ನನ್ನದೇ ತಪ್ಪು" ಎಂಬ ಮಾತು ಬಂದಾಗ ಮಾತ್ರ ಬೆಕ್ ಅವರ ಪ್ರಶ್ನೆಗಳು ನಿಜಕ್ಕೂ ಬೇಕಾಗುತ್ತವೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸಿಂಪಡಿಸಲು ನಿರ್ಧರಿಸಿದವರು ಯಾರು, ಅಪಾಯವನ್ನು ಆಗ ಆ ತಾಯಿಗೆ ತಿಳಿಸಿದವರಿದ್ದರೇ ಎಂದು ಅವರೊಂದಿಗೆ ಕುಳಿತು ನಿಧಾನವಾಗಿ ನೋಡಿದರೆ, ಅವರು ತಮ್ಮ ಮೇಲೆ ಹೊತ್ತುಕೊಂಡ ಅಪರಾಧ ಎಷ್ಟು ಅನ್ಯಾಯದ್ದೆಂದು ಅವರಿಗೇ ಕಾಣಬಹುದು.

ಉತ್ತರ – ಕುಂಬಳೆ

ಎಡ್ವರ್ಡ್ ಬೋರ್ಡಿನ್ 1979ರಲ್ಲಿ ವಿವರಿಸಿದಂತೆ, ಗುರಿ ಮತ್ತು ಅದಕ್ಕಾಗಿ ಮಾಡುವ ಕೆಲಸದ ಬಗ್ಗೆ ಸಮಾಲೋಚಕರು, ನೆರವು ಪಡೆಯುವವರು ಇಬ್ಬರ ಸಮ್ಮತಿಯೂ ಬೇಕು, ಜೊತೆಗೆ ಪರಸ್ಪರ ಬಾಂಧವ್ಯವೂ ಬೇಕು. ಆದ್ದರಿಂದ ವಿಧಾನ ಬದಲಿಸುವಾಗ ಕಾರಣವನ್ನು ಆ ತಾಯಿಗೆ ಹೇಳಿ, ಒಪ್ಪಿಗೆ ಪಡೆಯಿರಿ. ಇನ್ನೊಂದು ಮಾತು: "ಯಾರು ನೋಡಿಕೊಳ್ಳುತ್ತಾರೆ" ಎಂಬುದಕ್ಕೆ ಮನೋಚಿಕಿತ್ಸೆಯೊಂದೇ ಉತ್ತರವಾಗಲಾರದು. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಡಿ ಬೌದ್ಧಿಕ ಅಥವಾ ಬಹುವಿಧ ಅಂಗವೈಕಲ್ಯವಿರುವವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸಲು ಜಿಲ್ಲಾ ಮಟ್ಟದ ಸಮಿತಿಗೆ ಅಧಿಕಾರವಿದೆ. ಆ ಅರ್ಜಿಯನ್ನು ಒಟ್ಟಿಗೆ ತುಂಬುವುದೂ ನಿಮ್ಮ ಕೆಲಸದ ಭಾಗವೇ.

ಪ್ರಶ್ನೆ ಕೇಳಿದವರು

ಅಪರಾಧಭಾವವನ್ನೂ ಭಯವನ್ನೂ ನಾನು ಒಂದೇ ಆತಂಕವೆಂದು ತಿಳಿದಿದ್ದೆ. ಅವೆರಡನ್ನೂ ಬೇರೆಬೇರೆಯಾಗಿ ಬರೆದು ಮೇಲ್ವಿಚಾರಕರ ಮುಂದಿಡುತ್ತೇನೆ.